ಎತ್ತರದ ಕಟ್ಟಡ ಮತ್ತು ನಗರದ ಸಾಂದ್ರತೆ: ತಪ್ಪು ಕಲ್ಪನೆ, ಸತ್ಯ

ಮೈಸೂರಿನಂತಹ ಮಧ್ಯಮ ಗಾತ್ರದ ನಗರಗಳಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳ ಮಾತು ಬಂದಾಗಲೆಲ್ಲ ಎತ್ತರ, ಜನಸಾಂದ್ರತೆ, ಇಕ್ಕಟ್ಟು ಎಂಬ ಮೂರು ಬೇರೆ ಸಂಗತಿಗಳನ್ನು ಒಂದೇ ಎಂದು ಭಾವಿಸಿ ಪರವಾಗಿಯೂ ವಿರೋಧವಾಗಿಯೂ ವಾದಿಸುವುದುಂಟು. ಜನಸಾಂದ್ರತೆಯೆಂದರೆ ಒಂದು ಚದರ ಕಿಲೋಮೀಟರ್ ನೆಲದಲ್ಲಿ ವಾಸಿಸುವವರ ಸಂಖ್ಯೆ; ಇಕ್ಕಟ್ಟೆಂದರೆ ಒಂದೇ ಕೋಣೆಯನ್ನು ಹಲವರು ಹಂಚಿಕೊಂಡು ಬದುಕಬೇಕಾದ ಸ್ಥಿತಿ.

ತಪ್ಪು ಕಲ್ಪನೆ: ಮಹಡಿಗಳು ಹೆಚ್ಚಿದಷ್ಟೂ ಜನಸಾಂದ್ರತೆ ಹೆಚ್ಚುತ್ತದೆ.

ಸತ್ಯ: ಒಂದು ನಿವೇಶನದಲ್ಲಿ ಎಷ್ಟು ಕಟ್ಟಬಹುದೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಎಫ್‌ಎಆರ್, ಅಂದರೆ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣಕ್ಕೂ ನಿವೇಶನದ ವಿಸ್ತೀರ್ಣಕ್ಕೂ ಇರುವ ಅನುಪಾತ. ಅದು 2 ಆಗಿದ್ದರೆ 10,000 ಚದರ ಅಡಿಯ ನಿವೇಶನದಲ್ಲಿ ಅರ್ಧ ನೆಲವನ್ನು ಆವರಿಸುವ ನಾಲ್ಕು ಮಹಡಿಗಳನ್ನಾಗಲಿ, ಐದನೆಯ ಒಂದು ಭಾಗವನ್ನಷ್ಟೇ ಆವರಿಸುವ ಹತ್ತು ಮಹಡಿಗಳನ್ನಾಗಲಿ ಕಟ್ಟಬಹುದು. ಎರಡರಲ್ಲೂ ದೊರೆಯುವುದು 20,000 ಚದರ ಅಡಿಯೇ. ಬಹುಪಾಲು ಆರೇಳು ಮಹಡಿಗಳ ಕಟ್ಟಡಗಳಿರುವ ಪ್ಯಾರಿಸ್ ನಗರದಲ್ಲಿ ಚದರ ಕಿಲೋಮೀಟರಿಗೆ ಸುಮಾರು 20,000 ಜನರಿರುವುದು ಇದರಿಂದಲೇ ಸಾಧ್ಯವಾಗಿದೆ.

ತಪ್ಪು ಕಲ್ಪನೆ: ಸಾಂದ್ರ ನಗರವೆಂದರೆ ಅನಾರೋಗ್ಯಕರ ನಗರ.

ಸತ್ಯ: ಪ್ಲೇಗಿನ ಹಾವಳಿಯ ತರುವಾಯ 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯನ್ನು ಸ್ಥಾಪಿಸಿ ಹೊಸ ಬಡಾವಣೆಗಳನ್ನು ರೂಪಿಸಿದಾಗ, ಅದು ನಿವಾರಿಸಬೇಕಿದ್ದದ್ದು ತಗ್ಗು ಮನೆಗಳ ಕೇರಿಗಳಲ್ಲಿನ ಗಾಳಿ-ಬೆಳಕಿನ ಕೊರತೆಯನ್ನೂ ಚರಂಡಿಯ ಅಭಾವವನ್ನೂ ಹೊರತು ಎತ್ತರದ ಕಟ್ಟಡಗಳನ್ನಲ್ಲ. ತಲಾ ವಾಸಸ್ಥಳ ಸಾಕಷ್ಟಿದ್ದು ನೈರ್ಮಲ್ಯ ವ್ಯವಸ್ಥೆ ಸರಿಯಿದ್ದರೆ ಸಾಂದ್ರತೆಯೊಂದೇ ರೋಗಕ್ಕೆ ಕಾರಣವಾಗದು.

ತಪ್ಪು ಕಲ್ಪನೆ: ಸಮುಚ್ಚಯ ಬಂದರೆ ನೀರು, ರಸ್ತೆ ಸಾಲದಾಗುತ್ತವೆ, ಹೊರವಲಯದ ಬಡಾವಣೆಗಳಿಂದ ಆ ತೊಂದರೆಯಿಲ್ಲ.

ಸತ್ಯ: ಇದರ ಮೊದಲರ್ಧದಲ್ಲಿ ಹುರುಳಿದೆ; ಒಂಟಿ ಮನೆಗಳಿಗೆಂದು ಹಾಕಿದ ಒಳಚರಂಡಿ ಕೊಳವೆಗೆ ನೂರಾರು ಫ್ಲ್ಯಾಟುಗಳನ್ನು ಜೋಡಿಸಿದರೆ ಅದು ಉಕ್ಕಿ ಹರಿಯುವುದು ಸಹಜ. ಆದರೆ ಅಷ್ಟೇ ಕುಟುಂಬಗಳು ದೂರದೂರದ ನಿವೇಶನಗಳಲ್ಲಿ ಹರಡಿಕೊಂಡರೆ ಪ್ರತಿ ಮನೆಗೂ ಬೇಕಾಗುವ ಕೊಳವೆ, ತಂತಿ ಮತ್ತು ರಸ್ತೆಯ ಉದ್ದ ಬೆಳೆಯುತ್ತದೆ, ಬಸ್ಸಿಗೆ ಪ್ರಯಾಣಿಕರು ಸಾಲದೆ ಸ್ವಂತ ವಾಹನಗಳು ಹೆಚ್ಚುತ್ತವೆ, ಅಂಚಿನ ಕೃಷಿಭೂಮಿಯೂ ಕೆರೆಗಳೂ ಕರಗುತ್ತವೆ.

ತಪ್ಪು ಕಲ್ಪನೆ: ಎತ್ತರಕ್ಕೆ ಕಟ್ಟಿದರೆ ಮನೆಗಳು ಅಗ್ಗವಾಗುತ್ತವೆ.

ಸತ್ಯ: ನೆಲದ ಬೆಲೆ ಹಲವು ಮನೆಗಳಿಗೆ ಹಂಚಿಹೋಗುವುದು ನಿಜವಾದರೂ, 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳನ್ನು ರಾಷ್ಟ್ರೀಯ ಕಟ್ಟಡ ಸಂಹಿತೆಯು ಬಹುಎತ್ತರದವೆಂದು ಪರಿಗಣಿಸಿ ಹೆಚ್ಚಿನ ಅಗ್ನಿಸುರಕ್ಷತೆಯನ್ನು ಬಯಸುತ್ತದೆ, ಲಿಫ್ಟು, ಪಂಪು, ಬಲವಾದ ಅಡಿಪಾಯಗಳ ವೆಚ್ಚವೂ ಅದರೊಂದಿಗೆ ಸೇರುತ್ತದೆ. ಎಫ್‌ಎಆರ್ ಹೆಚ್ಚುವ ಸುಳಿವು ಸಿಕ್ಕೊಡನೆ ನೆಲದ ಮಾಲೀಕರು ಬೆಲೆ ಏರಿಸುವುದರಿಂದ ಉಳಿತಾಯದ ಪಾಲು ಕೊಳ್ಳುವವರಿಗೆ ತಲುಪದೆಯೂ ಹೋಗಬಹುದು.

ಆದುದರಿಂದ ಯೋಜನೆಯೊಂದನ್ನು ಪರಿಶೀಲಿಸುವವರು ಮಹಡಿಗಳನ್ನು ಎಣಿಸುವುದಕ್ಕಿಂತ ಮೊದಲು ಅಲ್ಲಿ ಬರುವ ಕುಟುಂಬಗಳ ಸಂಖ್ಯೆಯನ್ನು ಆ ಬೀದಿಯ ಕೊಳವೆ, ಚರಂಡಿ ಮತ್ತು ಬಸ್ಸುಗಳ ಸಾಮರ್ಥ್ಯದೊಡನೆ ಹೋಲಿಸಿ ನೋಡಬೇಕಾಗುತ್ತದೆ.