ಭಾರತ ಜೋಡಿಸಲು ಹೊರಟ 116 ಸೈಕಲ್ಲು

ಗೂಳೂರಿನಿಂದ ತುಮಕೂರಿಗೆ ಆರೇಳು ಕಿ.ಮೀ. ಬಸ್ಸು ಹತ್ತು ನಿಮಿಷ ತಡವಾದರೆ ಸ್ಟಾಪಿನಲ್ಲಿ ಗೊಣಗಾಟ ಶುರು. ಈ ದಾರೀನ ದಿನಾ ಸೈಕಲ್ಲಲ್ಲಿ ಹೋಗಿ ಬಂದರೆ ಹೆಚ್ಚೂ ಕಮ್ಮಿ ಒಂದು ವರ್ಷಕ್ಕೆ 5,042 ಕಿ.ಮೀ. ಆದೀತು. ಅಷ್ಟು ದೂರವನ್ನು 116 ಯುವಕ ಯುವತಿಯರು ಕೆಲವೇ ತಿಂಗಳಲ್ಲಿ ತುಳಿದರು. 1985ರ ಡಿಸೆಂಬರ್‌ನಲ್ಲಿ ಕನ್ಯಾಕುಮಾರಿ ಬಿಟ್ಟವರು ಕಾಶ್ಮೀರದ ದಾರಿ ಹಿಡಿದರು.

ಹೊರಡಿಸಿದವರು ಕುಷ್ಠರೋಗಿಗಳ ಸೇವೆಗೆ ಹೆಸರಾದ ಆನಂದವನದ ಬಾಬಾ ಆಮ್ಟೆ. ಎಪ್ಪತ್ತು ದಾಟಿದ ವಯಸ್ಸು, ಬೆನ್ನುಮೂಳೆಯ ಕಾಯಿಲೆ. ಕೂರಲಾರದೆ ವಾಹನದಲ್ಲಿ ಮಲಗಿಕೊಂಡೇ ಜತೆಗೆ ಹೋದರು. ಇಂದಿರಾ ಹತ್ಯೆ, ದೆಹಲಿಯ ಸಿಖ್ ವಿರೋಧಿ ಹಿಂಸೆ ನಡೆದು ಆಗಿನ್ನೂ ವರ್ಷ ಕಳೆದಿತ್ತಷ್ಟೆ. ಒಡೆದ ಮನಸ್ಸು ಕೂಡಿಸಬೇಕೆಂದೇ ಯಾತ್ರೆಗೆ ‘ಭಾರತ ಜೋಡೊ’ ಎಂಬ ಹೆಸರು. 1988ರಲ್ಲಿ ಮತ್ತೆ ಹೊರಟರು, ಇಟಾನಗರದಿಂದ ಗುಜರಾತಿನ ಓಖಾಕ್ಕೆ.

ಗುಂಪಿನಲ್ಲಿ ಸೈಕಲ್ ತುಳಿಯುವವರಿಗೆ ಒಂದೇ ಕಟ್ಟುಪಾಡು: ಒಬ್ಬನ ಟ್ಯೂಬು ಪಂಕ್ಚರ್ ಆದರೆ ಮುಂದೆ ಹೋದವನೂ ನಿಲ್ಲಬೇಕು. ಹದಿನೆಂಟು ಕೋಮಿನವರು ಕೂಡಿ ಗಣಪನನ್ನು ಕೂರಿಸುವ ಗೂಳೂರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರು ಮುನಿಸಿಕೊಂಡು ಮನೇಲಿ ಕೂತರೂ ಉತ್ಸವ ಕಳೆಗಟ್ಟೋದಿಲ್ಲ!