ಫ್ಲೋರೈಡ್ ನೀರಿಗೆ ನೆಲ್ಲಿಕಾಯಿಯ ಆಸರೆ

ಪಾವಗಡದ ಕಡೆ ಹೋದವರಿಗೆ ನೀರಿನ ಕತೆ ಮಕ್ಕಳು ನಕ್ಕಾಗಲೇ ಕಾಣುತ್ತದೆ. ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂಥ ಪಟ್ಟೆ, ಕೆಲವರಿಗೆ ಕಂದುಬಣ್ಣದ ಕಲೆ. ಎಷ್ಟು ಉಜ್ಜಿದರೂ ಹೋಗದು. ಹಲ್ಲು ಇನ್ನೂ ಒಸಡಿನೊಳಗೆ ರೂಪುಗೊಳ್ಳುತ್ತಿದ್ದಾಗಲೇ ಬಿದ್ದ ಕಲೆ ಅದು. ಕೆರೆ ಬತ್ತಿ ಕೊಳವೆಬಾವಿ ಆಳಕ್ಕಿಳಿದಂತೆ, ಕಲ್ಲಿನ ಸಂದುಗಳಲ್ಲಿ ಬಹುಕಾಲ ನಿಂತಿದ್ದ ನೀರು ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬಂತು. ಕುಡಿಯುವ ನೀರಿನ ಲೀಟರಿನಲ್ಲಿ 1 ಮಿಲಿಗ್ರಾಂ, ಬೇರೆ ದಾರಿಯೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಫ್ಲೋರೈಡ್ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಬಯಲುಸೀಮೆಯ ಎಷ್ಟೋ ಬೋರ್‌ವೆಲ್‌ಗಳು ಈ ಗೆರೆ ದಾಟಿವೆ.

ಹಲ್ಲು, ಬಾಗಿದ ಕಾಲು, ಬಿಗಿದ ಬೆನ್ನು ಕಣ್ಣಿಗೆ ಕಾಣುವ ಹಾನಿ. ಕಾಣದ ಇನ್ನೊಂದು ಜೀವಕೋಶದೊಳಗೆ ನಡೆಯುತ್ತದೆ. ಉಸಿರಾಡುವ ಯಾವ ಕೋಶದಲ್ಲೂ ಒಂದಿಷ್ಟು ಪುಂಡ ಆಕ್ಸಿಜನ್ ಕಣಗಳು ಹುಟ್ಟುತ್ತಲೇ ಇರುತ್ತವೆ; ಗ್ಲುಟಥಯೋನ್, ಕ್ಯಾಟಲೇಸ್‌ನಂಥ ಮನೆಯ ಕಾವಲುಗಾರರು ಅವನ್ನು ಹದ್ದುಬಸ್ತಿನಲ್ಲಿಡುತ್ತಾರೆ. ಫ್ಲೋರೈಡ್ ಹೆಚ್ಚಾದಾಗ ಪುಂಡರೂ ಹೆಚ್ಚುತ್ತಾರೆ, ಕಾವಲೂ ಸೊರಗುತ್ತದೆ. ಆಗ ಕೋಶದ ಕೊಬ್ಬಿನ ಪೊರೆಗೆ, ಬಣವೆಗೆ ಕಿಡಿ ಬಿದ್ದ ಹಾಗೆ, ಒಂದು ಅಣುವಿನಿಂದ ಇನ್ನೊಂದಕ್ಕೆ ಹಾನಿ ಹಬ್ಬುತ್ತದೆ.

ಇಲ್ಲಿಗೇ ಉತ್ಕರ್ಷಣ ನಿರೋಧಕ ಜೀವಸತ್ವಗಳು ಬರುವುದು. ವಿಟಮಿನ್ ಇ ಕೊಬ್ಬಿನಲ್ಲಿ ಕರಗುವುದರಿಂದ ಪೊರೆಯೊಳಗೇ ನೆಲೆಸಿ, ಪುಂಡ ಕಣಕ್ಕೆ ತನ್ನ ಹೈಡ್ರೋಜನ್ ಕೊಟ್ಟು ಅದನ್ನು ತಣಿಸುತ್ತದೆ, ತಾನು ಬರಿದಾಗುತ್ತದೆ. ನೀರಿನಲ್ಲಿ ಕರಗುವ ವಿಟಮಿನ್ ಸಿ ಪೊರೆಯ ಅಂಚಿನಲ್ಲಿ ನಿಂತು ಬರಿದಾದ ಇ-ಯನ್ನು ಮತ್ತೆ ತುಂಬಿ ಕೆಲಸಕ್ಕೆ ಹಚ್ಚುತ್ತದೆ. ಎರಡೂ ಸೇರಿದರೇ ಕಾವಲು ಗಟ್ಟಿ.

ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದಲ್ಲಿ ಎನ್. ಜೆ. ಚಿನಾಯ್ ಮತ್ತು ಸಂಗಡಿಗರು ಇಲಿಗಳಿಗೆ ಫ್ಲೋರೈಡ್ ಕೊಟ್ಟು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಸಿ, ಇ ಜೀವಸತ್ವ ಮತ್ತು ಕ್ಯಾಲ್ಸಿಯಂ ಕೊಟ್ಟಾಗ ಹಾನಿ ಗಣನೀಯವಾಗಿ ಇಳಿಯಿತು. ಇದನ್ನು ಓದುವಾಗ ಒಂದು ಮಾತು ನೆನಪಿರಲಿ: ಇಲಿ ತನ್ನ ಪಿತ್ತಜನಕಾಂಗದಲ್ಲೇ ವಿಟಮಿನ್ ಸಿ ತಯಾರಿಸಿಕೊಳ್ಳುತ್ತದೆ. ಮನುಷ್ಯನಿಗೆ ಆ ಶಕ್ತಿ ಇಲ್ಲ, ಊಟದಿಂದಲೇ ಬರಬೇಕು. ಹೀಗಾಗಿ ಇಲಿಯ ಫಲಿತಾಂಶವನ್ನು ನಮ್ಮ ಮೇಲೆ ನೇರವಾಗಿ ಹೇರಲಾಗದು. ಮೂಡಿಬಿಟ್ಟ ಹಲ್ಲಿನ ಕಲೆಯನ್ನಂತೂ ಯಾವ ಜೀವಸತ್ವವೂ ಅಳಿಸಲಾರದು. ಮಾತ್ರೆಗಳನ್ನು ಮನಸ್ಸಿಗೆ ಬಂದಷ್ಟು ನುಂಗುವುದೂ ಬೇಡ. ಅತಿಯಾದ ವಿಟಮಿನ್ ಸಿ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿಸಬಹುದು.

ನನಗೆ ನಂಬಿಕೆ ಇರುವುದು ತಟ್ಟೆಯ ಮೇಲೆ. ನೆಲ್ಲಿಕಾಯಿ, ಸೀಬೆಹಣ್ಣಿನಲ್ಲಿ ಸಿ ಹೇರಳ. ಪಾವಗಡದ ಹೊಲಗಳಲ್ಲೇ ಬೆಳೆಯುವ ಕಡಲೆಕಾಯಿಯಲ್ಲಿ ಇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು, ಅದು ಕರುಳಿನಲ್ಲೇ ಒಂದಿಷ್ಟು ಫ್ಲೋರೈಡನ್ನು ಹಿಡಿದಿಡುತ್ತದೆ. ಒಂದೇ ಬೋರಿನ ನೀರು ಕುಡಿದರೂ ಹೊಟ್ಟೆ ತುಂಬ ಉಣ್ಣದ ಮಗುವಿಗೇ ಹೆಚ್ಚು ಪೆಟ್ಟು ಬೀಳುವುದಕ್ಕೆ ಇದೂ ಒಂದು ಕಾರಣ. ಈ ಅನ್ಯಾಯವೇ ನನ್ನನ್ನು ಹೆಚ್ಚು ಕಾಡುವುದು.

ಹುಣಸೆಯ ದಾರಿ ಬೇರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಶಾಲಾ ಬಾಲಕರಿಗೆ ದಿನಕ್ಕೆ 10 ಗ್ರಾಂ ಹುಣಸೆಹಣ್ಣು ಕೊಟ್ಟು ನೋಡಿದಾಗ, ಅವರ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಿತು. ನಮ್ಮ ಸಾರಿನ ಹುಳಿಗೆ ಇಂಥ ಗುಣವಿದೆ ಎಂದು ತಿಳಿದು ನನಗೆ ನಿಜಕ್ಕೂ ಸಂತೋಷವಾಯಿತು.

ಆದರೆ ಆ ಸಾರು ಕುದಿಯುವುದು ಯಾವ ನೀರಿನಲ್ಲಿ? ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದದ್ದನ್ನು ಕುಡಿಯಲು ಮಾತ್ರ ಇಟ್ಟು, ಮುದ್ದೆಗೂ ಸಾರಿಗೂ ಬೋರಿನ ನೀರನ್ನೇ ಬಳಸುವ ಮನೆಗಳಿವೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಇಂಗಿದಷ್ಟೂ ಪಾತ್ರೆಯಲ್ಲಿ ಅದು ಗಾಢವಾಗುತ್ತದೆ.