ನಿಮಗಿದು ಗೊತ್ತೆ? ದಂಡಿನಲ್ಲಿ ತಯಾರಾದ ಸಂಸದ

ವಿನ್‌ಸ್ಟನ್ ಚರ್ಚಿಲ್ ಬ್ರಿಟನ್ ಪಾರ್ಲಿಮೆಂಟಿಗೆ ಮೊದಲ ಸಲ ಆರಿಸಿಬಂದದ್ದು 1900ರಲ್ಲಿ, ಓಲ್ಡಂ ಕ್ಷೇತ್ರದಿಂದ. ಆದರೆ ಅದಕ್ಕೆ ತಯಾರಿ ನಡೆದದ್ದು ನಮ್ಮ ಬೆಂಗಳೂರು ದಂಡಿನಲ್ಲಿ. 1896ರಲ್ಲಿ ಕುದುರೆ ಪಡೆಯೊಂದಿಗೆ ಬಂದಿಳಿದಾಗ ಆತನಿಗೆ 21 ವರ್ಷ; ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿರಲಿಲ್ಲ. ಬೆಳಗಿನ ಕೆಲಸ ಮುಗಿದು ಸಂಜೆಯ ಪೋಲೊ ಶುರುವಾಗುವ ತನಕ ಬಂಗಲೆಯಲ್ಲಿ ಕೂತು ಗಿಬ್ಬನ್, ಮೆಕಾಲೆ, ಪ್ಲೇಟೊ ಓದಿದ. ತಾಯಿ ಕಳಿಸಿದ ‘ಆನ್ಯುಯಲ್ ರಿಜಿಸ್ಟರ್’ ಸಂಪುಟಗಳಲ್ಲಿ ಹಳೆಯ ಸಂಸತ್ ಚರ್ಚೆಗಳಿದ್ದವು. ಒಂದೊಂದು ಚರ್ಚೆ ಓದುವ ಮೊದಲೇ ತನ್ನ ನಿಲುವೇನೆಂದು ಬರೆದಿಟ್ಟು, ಓದಿದ ಮೇಲೆ ಅದನ್ನು ಒರೆಗೆ ಹಚ್ಚುತ್ತಿದ್ದ.

ತಂದೆ ಹಣಕಾಸು ಮಂತ್ರಿಯಾಗಿದ್ದ, ಮನೆತನದ ಹೆಸರೇ ಸಾಕಿತ್ತಲ್ಲ ಎನ್ನಬಹುದು. ಆ ಹೆಸರಿದ್ದೂ 1899ರಲ್ಲಿ ಅದೇ ಓಲ್ಡಂನಲ್ಲಿ ಆತ ಸೋತ. ಮರುವರ್ಷ ಗೆಲ್ಲಿಸಿದ್ದು ಬೋಯರ್ ಯುದ್ಧದ ಸೆರೆಯಿಂದ ತಪ್ಪಿಸಿಕೊಂಡ ಖ್ಯಾತಿ ಎಂಬ ಮಾತನ್ನು ಒಪ್ಪೋಣ. ಆದರೆ ಗೆಲ್ಲುವುದು ಬೇರೆ. ಅಲ್ಪ ಬಿಡುವುಗಳನ್ನು ಬಿಟ್ಟರೆ 1964ರವರೆಗೂ ಸದನದಲ್ಲಿ ಗಟ್ಟಿಯಾಗಿ ನಿಲ್ಲುವುದು ಬೇರೆ. ಆ ಕಸುವು ಈ ಮಧ್ಯಾಹ್ನಗಳ ಓದಿನಿಂದ ಬಂತು. ಭಾರತಕ್ಕೆ ಒಂದಿಷ್ಟು ಸ್ವಯಮಾಡಳಿತ ಕೊಟ್ಟ 1935ರ ಕಾಯ್ದೆಯನ್ನು ವಿರೋಧಿಸಲೂ ಆತ ಇದೇ ವಾದಶಕ್ತಿಯನ್ನು ಬಳಸಿದ್ದು ನಮಗೆ ನೋವಿನ ಸಂಗತಿ.